ಮಳೆ ರಜೆಯಿದ್ದರೆ ಹಿಂದಿನ ಸಂಜೆಯೇ ಹೇಳಿ: ಉಡುಪಿಯ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಉಡುಪಿ ಜಿಲ್ಲೆ

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾರ್ಕಳ ವಲಯಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ

ಮಾನ್ಯರೇ,

ಮಳೆಗಾಲದಲ್ಲಿ ಶಾಲೆಗೆ ರಜೆ ಕೊಡುವುದಾದರೆ ಹಿಂದಿನ ದಿನ ಸಂಜೆ ಆರು ಗಂಟೆಯೊಳಗೆ ತಿಳಿಸಿ. ನನ್ನ ಮೊದಲ ಬೇಡಿಕೆ ಇದು. ಆಟಿಸಂ ಇರುವ ಮಕ್ಕಳ ಓದಿನ ಬಗ್ಗೆ ಬರೆಯಲು ಕೂತವಳು ಮಳೆ ರಜೆಯಿಂದ ಯಾಕೆ ಶುರು ಮಾಡಿದಳು ಅಂತ ನಿಮಗೆ ಅನಿಸಬಹುದು. ಜೂನ್, ಜುಲೈಯಲ್ಲಿ ನಮ್ಮ ಮನೆಯ ದೊಡ್ಡ ಕಷ್ಟ ಅದೇ.

ನನ್ನ ಮಗ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಾನೆ. ಅವನಿಗೆ ಆಟಿಸಂ ಇದೆ. ಮಾತು ಕಡಿಮೆ, ನೆನಪು ಜಾಸ್ತಿ. ನಾಳೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಆರಾಮವಾಗಿ ಇರುತ್ತಾನೆ. ಯೂನಿಫಾರ್ಮ್ ಹಾಕಿ, ಚೀಲ ಹೆಗಲಿಗೇರಿಸಿ, ಕೊಡೆ ಹಿಡಿದು ಚಾವಡಿಯಲ್ಲಿ ನಿಂತ ಮೇಲೆ 'ಇವತ್ತು ರಜೆಯಂತೆ' ಅಂದರೆ ಮಾತ್ರ ಆಗುವುದಿಲ್ಲ. ಉಳಿದ ಮಕ್ಕಳು ಕುಣಿಯುತ್ತಾರೆ. ಇವನು ಮಧ್ಯಾಹ್ನದವರೆಗೆ ಬಾಗಿಲ ಬಳಿ ಅಳುತ್ತಾನೆ. ಚೀಲ ತೆಗೆಯಲು ಬಿಡುವುದಿಲ್ಲ. ಕೆಲವೊಮ್ಮೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ನೋಡಿದವರು ಹಠ ಅನ್ನುತ್ತಾರೆ. ಹಠ ಹಿಡಿದ ಮಗುವಿಗೆ ಕೇಳಿದ್ದು ಕೊಟ್ಟರೆ ಅಳು ನಿಲ್ಲುತ್ತದೆ. ಇವನಿಗೆ ಕೊಡಲು ಆ ಹೊತ್ತಿಗೆ ನಮ್ಮ ಹತ್ತಿರ ಏನೂ ಇರುವುದಿಲ್ಲ. ಅವನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಇಡೀ ದಿನವೇ ಬಿದ್ದು ಹೋಗಿರುತ್ತದೆ.

ಮಳೆ ಯಾರ ಕೈಯಲ್ಲೂ ಇಲ್ಲ, ಗೊತ್ತು. ಆದರೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಸಾಮಾನ್ಯವಾಗಿ ಮುನ್ನಾ ದಿನವೇ ಬಂದಿರುತ್ತದೆ. ಅದನ್ನು ನೋಡಿ ಸಂಜೆಯೇ ತೀರ್ಮಾನಿಸಿದ ದಿನಗಳೂ ಇವೆ. ಅಂಥ ದಿನ ನಾನು ಗೋಡೆಯ ಮೇಲಿರುವ ಅವನ ದಿನಚರಿಯ ಚಿತ್ರಪಟ್ಟಿಯಲ್ಲಿ ಶಾಲೆಯ ಚಿತ್ರ ತೆಗೆದು ಮನೆಯ ಚಿತ್ರ ಅಂಟಿಸುತ್ತೇನೆ. ಅವನು ನೋಡುತ್ತಾನೆ, ಒಮ್ಮೆ ಮುಟ್ಟುತ್ತಾನೆ, ಊಟ ಮಾಡಿ ಮಲಗುತ್ತಾನೆ. ಅಷ್ಟೇ. ಬೆಳಗ್ಗೆ ಏಳೂವರೆಗೆ ತಿಳಿದರೆ ಇದೇ ಚಿತ್ರ ಕೆಲಸ ಮಾಡುವುದಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಸುಳ್ಳು ರಜೆ ಆದೇಶಗಳ ಕಥೆ ಬೇರೆ. ಇನ್ನು 'ಶಾಲಾ ಮುಖ್ಯಸ್ಥರ ವಿವೇಚನೆಗೆ ಬಿಡಲಾಗಿದೆ' ಅಂತ ಬಂದರೆ ಹೆಡ್ಮಾಸ್ಟ್ರು ನಿರ್ಧಾರ ಮಾಡುವ ತನಕ ನಾವು ಫೋನ್ ಹಿಡಿದು ಕೂರಬೇಕು.

ರಜೆಯಿಂದ ಕಳೆದುಹೋದ ದಿನಗಳನ್ನು ಶನಿವಾರ ಪೂರ್ತಿ ತರಗತಿ ನಡೆಸಿ ತುಂಬಿಸುತ್ತೀರಿ. ಅದು ಸರಿಯೇ. ಆದರೆ ಯಾವ್ಯಾವ ಶನಿವಾರ ಅಂತ ತಿಂಗಳ ಮೊದಲೇ ಒಂದು ಪಟ್ಟಿ ಕೊಡಿ. ಶನಿವಾರ ಮಧ್ಯಾಹ್ನದ ಊಟ ಮನೆಯಲ್ಲಿ ಅಂತ ನಂಬಿದ ಮಗುವಿಗೆ, ಹನ್ನೊಂದೂವರೆಗೆ ಗೇಟು ತೆರೆಯದಿದ್ದರೆ ಏನಾಗುತ್ತದೆ ಅಂತ ಯೋಚಿಸಿ ನೋಡಿ.

ರಾತ್ರೋರಾತ್ರಿ ಹೊಳೆ ಉಕ್ಕಿದರೆ ಬೆಳಗ್ಗೆಯೇ ರಜೆ ಹೇಳಬೇಕಾಗುತ್ತದೆ, ಒಪ್ಪುತ್ತೇನೆ. ಅದಕ್ಕೂ ನಾವೊಂದು ಕಾರ್ಡ್ ಮಾಡಿಕೊಂಡಿದ್ದೇವೆ. ಕೊಡೆಯ ಚಿತ್ರ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. 'ಗೊತ್ತಿಲ್ಲ, ಬೆಳಗ್ಗೆ ನೋಡೋಣ' ಅಂತ ಅರ್ಥ. ಗೊತ್ತಿಲ್ಲ ಅನ್ನುವುದನ್ನೂ ಮುಂಚೆಯೇ ಹೇಳಿದರೆ ಅವನು ತಡೆದುಕೊಳ್ಳುತ್ತಾನೆ.

ಇದು ನನ್ನ ಮಗನೊಬ್ಬನ ವಿಚಿತ್ರ ಅಂತ ತಿಳಿಯಬೇಡಿ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಮೊದಲ ದೊಡ್ಡ ವರದಿ ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವ ಈ ಮಕ್ಕಳ ತವಕವನ್ನು ಮುಖ್ಯ ಲಕ್ಷಣವಾಗಿ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ನಿಮ್ಮ ವಲಯದ ದೊಡ್ಡ ಶಾಲೆಯೊಂದರ ಹಾಜರಿ ಪುಸ್ತಕ ತೆಗೆದು ಲೆಕ್ಕ ಹಾಕಿ. ಅಲ್ಲಿ ಒಬ್ಬರೂ ಇಲ್ಲ ಅಂತ ದಾಖಲೆ ಹೇಳಿದರೆ, ಆ ಮಕ್ಕಳು 'ದಡ್ಡ', 'ಪೋಕರಿ', 'ಮೌನಿ' ಅನ್ನುವ ಹೆಸರಿನಲ್ಲಿ ಕೊನೇ ಬೆಂಚಿನಲ್ಲಿ ಇದ್ದಾರೆ ಅಂತಲೇ ಲೆಕ್ಕ. ಹೆಣ್ಣುಮಕ್ಕಳಂತೂ ಸುಮ್ನೆ ಕೂತು, ಪಕ್ಕದವಳನ್ನು ನೋಡಿ ಅನುಕರಿಸಿ, ಯಾರ ಕಣ್ಣಿಗೂ ಬೀಳದೆ ಏಳನೇ ತರಗತಿ ಮುಗಿಸಿಬಿಡುತ್ತಾರೆ.

ಈಗ ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ತರಗತಿಯವರೆಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ವಿಷಯಕ್ಕೆ ಬರುತ್ತೇನೆ. ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ.

ಒಂದರಿಂದ ಮೂರನೇ ತರಗತಿಯವರೆಗೆ ನನ್ನ ಮಗ ಶಾಲೆಗೆ ಓಡಿಕೊಂಡು ಹೋಗುತ್ತಿದ್ದ. ಯಾಕೆ ಅಂತ ನನಗೆ ಆಗ ಅಷ್ಟು ತಿಳಿದಿರಲಿಲ್ಲ. ಆ ಕೋಣೆಯಲ್ಲಿ ಎಲ್ಲವೂ ಕಣ್ಣಿಗೆ ಕಾಣುವಂತಿತ್ತು. ಗೋಡೆಯ ಮೇಲೆ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಅದೇ ಚಿತ್ರದ ಕಾರ್ಡ್. ಮುಗಿದ ಮೇಲೆ ಮುಂದಿನ ಮೆಟ್ಟಿಲು ಯಾವುದು ಅಂತ ಕೇಳಬೇಕಾಗಿಲ್ಲ, ನೋಡಿದರೆ ಸಾಕು. ಯಾವ 'ತಟ್ಟೆ'ಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಅಂತಲೂ ಗೊತ್ತು. ಬೆಳಗ್ಗೆ ಹವಾಮಾನ ನಕ್ಷೆಯಲ್ಲಿ ಮಳೆಯ ಗುರುತು ಹಾಕುವ ಕೆಲಸವನ್ನು ಟೀಚರ್ ಇವನಿಗೇ ಕೊಟ್ಟಿದ್ದರು. ಜೊತೆಯ ಮಕ್ಕಳು ಮುಂದೆ ಹೋದರು ಅಂತ ಇವನನ್ನು ಎಳೆಯುತ್ತಿರಲಿಲ್ಲ. ಅವನ ಓಟ ಅವನದೇ. ಹಾಡು, ಕುಣಿತ ಜೋರಾದಾಗ ಕಿವಿ ಮುಚ್ಚಿಕೊಳ್ಳುತ್ತಿದ್ದ, ಅದು ನಿಜ. ಆಗ ವರಾಂಡಕ್ಕೆ ಹೋಗಿ ಬರಲು ಬಿಡುತ್ತಿದ್ದರು.

ಆಟಿಸಂ ಇರುವ ಮಕ್ಕಳಿಗೆ ಕಲಿಸಲು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಅನ್ನುವವರು 1970ರ ದಶಕದಲ್ಲಿ 'ಟೀಚ್' ಅನ್ನುವ ಪದ್ಧತಿ ಕಟ್ಟಿದರು. ದಿನದ ಕೆಲಸಗಳ ಚಿತ್ರಪಟ್ಟಿ, ಒಂದೊಂದು ಕೆಲಸಕ್ಕೂ ಗೊತ್ತಾದ ಜಾಗ, ಎಲ್ಲಿ ಶುರು ಎಲ್ಲಿ ಮುಗಿತಾಯ ಅಂತ ಕಾಣಿಸುವ ವ್ಯವಸ್ಥೆ. ಇದನ್ನು ಓದಿದಾಗ ನನಗೆ ನಗು ಬಂತು. ಇದರಲ್ಲಿ ಅರ್ಧಕ್ಕರ್ಧ ನಮ್ಮ ನಲಿ-ಕಲಿ ಕೋಣೆಯಲ್ಲಿ ಇದೆಯಲ್ಲ! 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಆಟಿಸಂಗೆ ಅಂತ ಮಾಡಿದ್ದಲ್ಲ. ಆದರೂ ನಮ್ಮ ಮಕ್ಕಳಿಗೆ ಒದಗಿ ಬಂತು.

ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಅದೆಲ್ಲ ಹೋಯಿತು. ಏಣಿ ಇಲ್ಲ, ಕಾರ್ಡ್ ಇಲ್ಲ, ತಟ್ಟೆ ಇಲ್ಲ. ಬೆಂಚು, ಪಠ್ಯಪುಸ್ತಕ, ನಲವತ್ತು ನಿಮಿಷಕ್ಕೊಂದು ಗಂಟೆ, ಗಂಟೆಗೊಬ್ಬರು ಟೀಚರ್. ಇವನು ಎರಡೇ ವಾರದಲ್ಲಿ ಬಾತ್‌ರೂಮಿನಲ್ಲಿ ಅಡಗಿ ಕೂರಲು ಶುರು ಮಾಡಿದ. ಓದಿನಲ್ಲಿ ಹಿಂದೆ ಬಿದ್ದ ಅಂದರು. ಓದು ಅಲ್ಲೇ ಇತ್ತು, ದಾರಿ ತೋರಿಸುವ ಗುರುತುಗಳನ್ನು ತೆಗೆದುಬಿಟ್ಟಿದ್ದರು.

ಹಾಗಾಗಿ ನನ್ನ ಎರಡನೇ ಬೇಡಿಕೆ. ನಾಲ್ಕನೇ ತರಗತಿಯಿಂದ ಮೇಲೆ, ಇಂಥ ಮಗು ಇರುವ ಪ್ರತಿ ತರಗತಿಯಲ್ಲೂ ದಿನದ ಚಿತ್ರಪಟ್ಟಿ ಇರಲಿ. ಪ್ರಾರ್ಥನೆ, ಕನ್ನಡ, ಹಾಲು, ಗಣಿತ, ಊಟ, ಆಟ, ಮನೆ. ಚಿತ್ರಗಳನ್ನು ಅಂಗಡಿಯಿಂದ ತರಬೇಡಿ. ಅದೇ ಶಾಲೆಯ ಗಂಟೆ, ಅದೇ ಟೀಚರ ಮುಖ, ಅದೇ ಊಟದ ತಟ್ಟೆ, ಇವನ್ನು ಮೊಬೈಲಲ್ಲಿ ತೆಗೆದು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರೆ ಆಯಿತು. ಮುಗಿದದ್ದನ್ನು ಮಗುವೇ ತೆಗೆದು ಡಬ್ಬಕ್ಕೆ ಹಾಕಲಿ. ಗಣಿತದ ಮಾಸ್ಟ್ರು ರಜೆ ಹಾಕಿದರೆ ಅವರ ಚಿತ್ರದ ಜಾಗದಲ್ಲಿ ಬದಲಿಗೆ ಬರುವವರ ಚಿತ್ರ ಬೆಳಗ್ಗೆಯೇ ಬರಲಿ. ಇಷ್ಟಕ್ಕೆ ಅನುದಾನ ಬೇಕಾ?

ಉಳಿದ ಮಕ್ಕಳಿಗೂ ಇದರಿಂದ ಲಾಭ ಅಂತ ನಾನು ಹೇಳಲು ಹೋಗುವುದಿಲ್ಲ. ಇರಬಹುದು. ಆದರೆ ನನ್ನ ಮಗನಿಗೆ ಬೇಕು ಅನ್ನುವುದೊಂದೇ ಸಾಕಾದ ಕಾರಣ.

ಮಗುವಿಗೆ ಮುಂಚೆ ಹೇಳಬೇಕು ಅಂದೆ. ಮಗುವಿನ ಬಗ್ಗೆ ಟೀಚರಿಗೂ ಮುಂಚೆ ಹೇಳಬೇಕು. ಅದೂ ಆಗುತ್ತಿಲ್ಲ.

ಒಂದು ಉದಾಹರಣೆ. 'ನೀರು ಬೇಕಾ?' ಅಂತ ಕೇಳಿದರೆ ಇವನೂ 'ನೀರು ಬೇಕಾ?' ಅನ್ನುತ್ತಾನೆ. ಹೊಸದಾಗಿ ಬಂದ ಟೀಚರೊಬ್ಬರು ಅಣಕಿಸುತ್ತಾನೆ ಅಂತ ಸಿಟ್ಟಾದರು. ಅವನಿಗೆ ಬಾಯಾರಿಕೆಯಾಗಿತ್ತು. ಕೇಳಿದ ಮಾತನ್ನೇ ಇಡಿಯಾಗಿ ತಿರುಗಿ ಹೇಳುವುದು ಇಂಥ ಮಕ್ಕಳಲ್ಲಿ ಮಾತು ಬೆಳೆಯುವ ಒಂದು ದಾರಿ. ಅದರೊಳಗೆ ಅರ್ಥ ಇರುತ್ತದೆ. ಗದ್ದಲ ತಡೆಯಲಾಗದಾಗ ಇವನು ಸಿಟಿ ಬಸ್ಸಿನ ಕಂಡಕ್ಟರ್ ಥರ 'ಮಣಿಪಾಲ, ಮಣಿಪಾಲ, ಮಣಿಪಾಲ' ಅನ್ನುತ್ತಾನೆ. ಇಲ್ಲಿಂದ ಹೋಗೋಣ ಅಂತ ಅದರರ್ಥ. ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೂರನೇ ತರಗತಿಯ ಟೀಚರಿಗೂ ಗೊತ್ತಿತ್ತು. ಅವರಿಗೆ ವರ್ಗಾವಣೆ ಆಯಿತು. ಅವರ ಜೊತೆ ಅವರಿಗೆ ಗೊತ್ತಿದ್ದದ್ದೆಲ್ಲ ಹೋಯಿತು. ನಂತರ ಬಂದ ಅತಿಥಿ ಶಿಕ್ಷಕಿ ಪಾಪ, ಒಳ್ಳೆಯವರೇ. ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಒಂದು ಹಾಳೆ ಸಾಕು. ಈ ಮಗುವಿಗೆ ಏನು ಇಷ್ಟ, ಯಾವ ಸದ್ದು ಆಗುವುದಿಲ್ಲ, ಅವನ ಯಾವ ಮಾತಿಗೆ ಯಾವ ಅರ್ಥ, ಕಂಗಾಲಾದಾಗ ಏನು ಮಾಡಬೇಕು, ಏನು ಮಾಡಬಾರದು. ತಂದೆತಾಯಿ ಮತ್ತು ತರಗತಿ ಶಿಕ್ಷಕರು ಸೇರಿ ಬರೆದು, ಮಾರ್ಚ್‌ನಲ್ಲಿ ಹೆಡ್ಮಾಸ್ಟ್ರ ಕಡತದಲ್ಲಿ ಇಡಬೇಕು. ಜೂನ್‌ನಲ್ಲಿ ಯಾರೇ ಬರಲಿ, ಮೊದಲ ದಿನವೇ ಓದಲಿ. ನಮ್ಮ ಹಾಳೆಯಲ್ಲಿ ಬರೆದದ್ದರಲ್ಲಿ ಕೆಲವು: ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಮಾಡಬೇಡಿ, ನೋಡದೆಯೂ ಕೇಳಿಸಿಕೊಳ್ಳುತ್ತಾನೆ. ಕೈ ಬೀಸಿದರೆ, ಮೈ ತೂಗಿದರೆ ಬಿಟ್ಟುಬಿಡಿ. 'ಓಡಬೇಡ' ಅನ್ನುವ ಬದಲು 'ನಡಿ' ಅನ್ನಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಅಷ್ಟರೊಳಗೆ ಅದನ್ನೇ ಮತ್ತೆ ಕೂಗಬೇಡಿ. ಅಳು ಏರಿದಾಗ ಬುದ್ಧಿ ಹೇಳಬೇಡಿ, ಮಾತು ಕಡಿಮೆ ಮಾಡಿ, ಉಳಿದ ಮಕ್ಕಳನ್ನು ದೂರ ಕಳಿಸಿ.

ಇದೇ ಹಾಳೆಯನ್ನು ಇನ್ನೊಂದು ಮಗುವಿಗೆ ನಕಲು ಮಾಡಬೇಡಿ ಅಂತಲೂ ಹೇಳಬೇಕು. ಅಷ್ಟಮಿಯ ಸಮಯದಲ್ಲಿ ಹುಲಿವೇಷದ ತಾಸೆ ವಾದ್ಯ ಕೇಳಿದರೆ ನನ್ನ ಮಗ ಮಂಚದ ಕೆಳಗೆ. ನನ್ನ ಪರಿಚಯದ ಇನ್ನೊಬ್ಬ ಹುಡುಗನಿಗೆ ತಾಸೆ ಅಂದರೆ ಪ್ರಾಣ, ತಂಡದ ಹಿಂದೆಯೇ ಹೋಗುತ್ತಾನೆ. ಇಬ್ಬರಿಗೂ ಆಟಿಸಂ.

ಹಿಂದೆ ಹೋಗುವುದು ಅಂದಾಗ ನೆನಪಾಯಿತು, ಇದು ಜೀವದ ವಿಷಯ. ಆಟಿಸಂ ಇರುವ ಎಷ್ಟೋ ಮಕ್ಕಳು ಹೇಳದೆ ಎದ್ದು ಹೊರಟುಬಿಡುತ್ತಾರೆ. ತುಂಬಾ ಮಕ್ಕಳಿಗೆ ನೀರು ಅಂದರೆ ಸೆಳೆತ. ಹೀಗೆ ಅಲೆದು ಹೋದ ಮಕ್ಕಳ ಸಾವಿಗೆ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದೇ ಅಂತ ಅಮೆರಿಕದ ಅಧ್ಯಯನಗಳು ಹೇಳುತ್ತವೆ. ನಮ್ಮ ಊರನ್ನು ನೋಡಿ. ಬಾವಿ, ಕೆರೆ, ತೋಡು, ಕಾಲುಸಂಕ, ಮಳೆಗಾಲದಲ್ಲಿ ತುಂಬಿ ನಿಲ್ಲುವ ಕೆಂಪು ಕಲ್ಲಿನ ಕೋರೆ. ಶಾಲೆಯ ಬಾವಿಗೆ ಬಲೆ ಇದೆಯಾ, ಹಿಂದಿನ ಗೇಟಿಗೆ ಚಿಲಕ ಇದೆಯಾ ಅಂತ ಮೇ ತಿಂಗಳಲ್ಲೇ ನೋಡಿ. ಇಂಥ ಮಗು ಇದೆ ಅಂತ ಟೀಚರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಬಿಸಿಯೂಟದ ಅಕ್ಕನಿಗೂ ಗೊತ್ತಿರಲಿ, ಎದುರಿನ ಅಂಗಡಿಯವರಿಗೂ ಗೊತ್ತಿರಲಿ. ಮಗು ಕಾಣದಿದ್ದರೆ ಮೊದಲು ಹುಡುಕಬೇಕಾದ್ದು ನೀರಿನ ಹತ್ತಿರ. ಅನುದಾನ ಇಲ್ಲ ಅನ್ನುವ ಉತ್ತರವನ್ನು ಈ ಒಂದು ವಿಷಯಕ್ಕೆ ನಾನು ಒಪ್ಪುವುದಿಲ್ಲ.

ಬಿಸಿಯೂಟದ ಬಗ್ಗೆ ಒಂದೇ ಮಾತು. ಮನೆಯಲ್ಲಿ ಕುಚ್ಚಲಕ್ಕಿ ತಿನ್ನುವ ಮಗುವಿಗೆ ಬೆಳ್ತಿಗೆ ಅನ್ನ ಬಾಯಿಗೆ ಬೇರೆಯೇ ಆಗುತ್ತದೆ, ಮೇಲಿಂದ ಸಾಂಬಾರು ಸುರಿದರೆ ಮುಗಿಯಿತು. ಅನ್ನ ಬೇರೆ, ಸಾಂಬಾರು ಬೇರೆ ಬಡಿಸಿ. ಸೊಕ್ಕು ಅನ್ನಬೇಡಿ.

ಭಾಷೆಯ ವಿಷಯದಲ್ಲೂ ನಮ್ಮ ಜಿಲ್ಲೆಗೆ ಬೇರೆಯದೇ ತಲೆನೋವು. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅದರಾಚೆ ಬ್ಯಾರಿ, ಶಾಲೆಯಲ್ಲಿ ಕನ್ನಡ. ಮಗು ಮಾತಾಡುವುದು ತಡವಾದರೆ 'ಒಂದೇ ಭಾಷೆ ಇಟ್ಟುಕೊಳ್ಳಿ, ತುಳು ಬಿಡಿ' ಅಂತ ಸಲಹೆ ಬರುತ್ತದೆ. ಕೆಲವರು 'ಇಂಗ್ಲಿಷ್ ಒಂದೇ ಮಾತಾಡಿ' ಅನ್ನುತ್ತಾರೆ. ನಮ್ಮತ್ತೆಗೆ ತುಳು ಬಿಟ್ಟರೆ ಬೇರೆ ಬಾರದು. ಅವನನ್ನು ಎತ್ತಿ ಬೆಳೆಸಿದವರೇ ಅವರು. ಅವರು ಮಾತೇ ಆಡಬಾರದಾ? ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು, ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬೀಳುವುದಿಲ್ಲ ಅಂತ ಕೆನಡಾ ಮೊದಲಾದ ಕಡೆ ನಡೆದ ಅಧ್ಯಯನಗಳು ತೋರಿಸಿವೆ. ಇದನ್ನು ನಿಮ್ಮ ಶಿಕ್ಷಕರಿಗೆ ತರಬೇತಿಯಲ್ಲಿ ಹೇಳಿ. ಕಾರ್ಡಿನ ಚಿತ್ರಕ್ಕೆ ಭಾಷೆ ಇಲ್ಲ. ಅತ್ತೆ ಅದೇ ಕಾರ್ಡ್ ತೋರಿಸಿ 'ಬಲ ಮಗಾ' ಅನ್ನುತ್ತಾರೆ, ಟೀಚರ್ 'ಬಾ ಮಗಾ' ಅನ್ನುತ್ತಾರೆ. ಎರಡಕ್ಕೂ ಬರುತ್ತಾನೆ.

ಇನ್ನು ಫೋನ್ ಕರೆಗಳು. 'ಬಂದು ಕರೆದುಕೊಂಡು ಹೋಗಿ, ಇವತ್ತು ಕಷ್ಟ.' ತಪಾಸಣೆಗೆ ಅಧಿಕಾರಿಗಳು ಬರುವ ದಿನ ಈ ಕರೆ ಬಂದೇ ಬರುತ್ತದೆ. ವಾರ್ಷಿಕೋತ್ಸವದ ದಿನ ಬೆಳಗ್ಗೆಯೇ ಸೂಚನೆ, 'ಅವನಿಗೆ ಮೈಕ್ ಆಗುವುದಿಲ್ಲ ಅಲ್ವಾ, ಮನೆಯಲ್ಲೇ ಇರಲಿ.' ಕೇಳಲು ಕಾಳಜಿಯ ಹಾಗೇ ಇರುತ್ತದೆ. ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್ ಇದೆ, ಕೂರಲು ಕೊನೆಯ ಸಾಲು ಇದೆ, ಹಿಂದಿನ ದಿನ ಖಾಲಿ ವೇದಿಕೆ ತೋರಿಸಬಹುದು. ಮನೆಗೆ ಕಳಿಸುವುದು ಕೊನೆಯ ಉಪಾಯ ಆಗಬೇಕಿತ್ತು, ಮೊದಲನೆಯದೇ ಆಗಿದೆ. ನನಗೆ ಗೊತ್ತಿರುವ ಒಬ್ಬ ತಾಯಿ ದಿನವಿಡೀ ತರಗತಿಯಲ್ಲಿ ಮಗನ ಪಕ್ಕ ಕೂರುತ್ತಾರೆ. ಸೇರಿಸಿಕೊಳ್ಳುವಾಗ ಶಾಲೆಯವರು ಹಾಕಿದ ಷರತ್ತು ಅದು. ಸೊಸೈಟಿಯಲ್ಲಿದ್ದ ಕೆಲಸ ಬಿಟ್ಟರು.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಂಡು, ಆ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ 16ನೇ ಕಲಂ ಹೇಳುತ್ತದೆ. ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕಾಗುವುದು 31ನೇ ಕಲಮಿನ ಉಚಿತ ಶಿಕ್ಷಣಕ್ಕೆ. 16ನೇ ಕಲಮಿಗೆ ಆ ಮಿತಿ ಇಲ್ಲ. ಆದರೂ 'ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ತನ್ನಿ, ಆಮೇಲೆ ನೋಡೋಣ' ಅಂತ ಚಿತ್ರಪಟ್ಟಿಯಂಥ ಸಣ್ಣ ವಿಷಯಕ್ಕೂ ತಡೆಯುತ್ತಾರೆ. ದಯವಿಟ್ಟು ಒಂದು ಸುತ್ತೋಲೆಯಲ್ಲಿ ಇದನ್ನು ಬಿಡಿಸಿ ಹೇಳಿ.

ವಿಶೇಷ ಶಿಕ್ಷಕರ ಹುದ್ದೆಗಳ ಬಗ್ಗೆ ನೀವೊಬ್ಬರೇ ತೀರ್ಮಾನ ಮಾಡಲಾರಿರಿ. ಎಷ್ಟು ವಿಶೇಷ ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಅನುಪಾತ ಗೊತ್ತುಮಾಡಿ ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅಂತ ಗೊತ್ತುಮಾಡಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಅಧಿಸೂಚಿಸಿ ಅಂತ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಈಗ ನಮಗಿರುವವರು ಸಮಗ್ರ ಶಿಕ್ಷಾ ಯೋಜನೆಯ ಬಿಐಇಆರ್‌ಟಿಗಳು, ಅಂದರೆ ಶಾಲೆಯಿಂದ ಶಾಲೆಗೆ ಹೋಗುವ ವಲಯದ ಸಂಪನ್ಮೂಲ ಶಿಕ್ಷಕರು. ಒಂದು ವಲಯಕ್ಕೆ ಕೆಲವೇ ಮಂದಿ, ಓಡಾಟ ಜಾಸ್ತಿ, ದಾಖಲೆ ಕೆಲಸ ಇನ್ನೂ ಜಾಸ್ತಿ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಅವರು ಶಾಲೆಗೆ ಬಂದಾಗ ಆಫೀಸಿನಲ್ಲಿ ಕೂತು ಫಾರಂ ತುಂಬುವ ಬದಲು, ಒಂದು ಪೀರಿಯಡ್ ತರಗತಿಯಲ್ಲಿ ಕೂತು ಟೀಚರಿಗೆ ಎರಡು ವಿಷಯ ತೋರಿಸಿಕೊಟ್ಟು ಹೋಗಲಿ. ಅವರ ಭೇಟಿಯ ದಿನವನ್ನೂ ಮಗುವಿಗೆ ಮುಂಚೆ ಹೇಳಿ. ಇಲ್ಲದಿದ್ದರೆ ಅವರು ನೋಡುವುದು ಅಪರಿಚಿತರನ್ನು ಕಂಡು ಬೆದರಿದ ಮಗುವನ್ನು ಮಾತ್ರ.

ಎಸ್ಸೆಸ್ಸೆಲ್ಸಿಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯದಂಥ ಸೌಲಭ್ಯಗಳಿವೆ. ಅದರ ಕಾಗದಪತ್ರದ ವಿಷಯ ಪೋಷಕರಿಗೆ ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ತಿಳಿಯಬಾರದು. ಎಂಟನೇ ತರಗತಿಯಲ್ಲೇ ತಿಳಿಸಿ.

ಈ ಪತ್ರ ಓದುವ ಬೇರೆ ಪೋಷಕರಿಗೂ ಸ್ವಲ್ಪ ಹೇಳಬೇಕು. ಮೊಬೈಲ್ ಕೊಟ್ಟದ್ದರಿಂದ ಬಂತು, ತಾಯಿ ಮಾತಾಡಿಸದ್ದರಿಂದ ಬಂತು, ದೈವದ ಮುನಿಸು ಅಂತ ಹೇಳುವವರು ಸಿಗುತ್ತಾರೆ. ಕಿವಿಗೊಡಬೇಡಿ. ಸ್ಟೆಮ್ ಸೆಲ್ ಹಾಕಿದರೆ ವಾಸಿಯಾಗುತ್ತದೆ ಅಂತ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆಟಿಸಂಗೆ ಆ ಚಿಕಿತ್ಸೆ ಸಲ್ಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆ ಹಣ ಉಳಿಸಿ. ಮನೆಯಲ್ಲಿ 'ಮೊದಲು ಇದು, ಆಮೇಲೆ ಅದು' ಅನ್ನುವ ಎರಡು ಚಿತ್ರದ ಹಲಗೆಯಿಂದ ಶುರು ಮಾಡಿ. ಮೊದಲು ಸ್ನಾನ, ಆಮೇಲೆ ಉಯ್ಯಾಲೆ. ಹೇಳಿದ ಮೇಲೆ ಉಯ್ಯಾಲೆ ಕೊಡಲೇಬೇಕು, ನೆಂಟರು ಬಂದರೂ ಸರಿ. ಶಾಲೆಯಲ್ಲಿ ಬಳಸುವ ಚಿತ್ರವನ್ನೇ ಮನೆಯಲ್ಲೂ ಬಳಸಿ. ಆ ಚಿತ್ರ ಯಾವುದು ಅಂತ ಶಾಲೆ ನಮಗೆ ಹೇಳಬೇಕು. ಅಲ್ಲಿಗೇ ಈ ಪತ್ರ ಮತ್ತೆ ನಿಮ್ಮ ಮೇಜಿಗೆ ಬರುತ್ತದೆ.

ಮೇ ಕೊನೆಯಲ್ಲಿ ಶಾಲೆಗಳು ತೆರೆಯುವ ಮುನ್ನ ಶಿಕ್ಷಕರು ಸ್ವಚ್ಛತೆ, ಸಿದ್ಧತೆ ಅಂತ ಹೇಗೂ ಬಂದಿರುತ್ತಾರೆ. ಆ ದಿನಗಳಲ್ಲಿ ಒಂದು ಗಂಟೆ ನಮ್ಮ ಮಕ್ಕಳಿಗೆ ಕೊಡಿ. ಖಾಲಿ ತರಗತಿ, ಹೊಸ ಬೆಂಚು, ಹೊಸ ಟೀಚರ್, ಬಾತ್‌ರೂಮ್ ದಾರಿ, ಇಷ್ಟನ್ನು ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಮನೆಗೆ ಬರುತ್ತೇವೆ. ಈ ವರ್ಷದಿಂದಲೇ ಆಗುವ ಕೆಲಸ.

ಯಾವುದೇ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಕರೆದರೆ ನಮ್ಮ ಕಾರ್ಡುಗಳನ್ನೂ ಆ ಒಂದು ಪುಟದ ಹಾಳೆಯನ್ನೂ ಹಿಡಿದುಕೊಂಡು ನಾನೇ ಬಂದು ತೋರಿಸುತ್ತೇನೆ. ದಿನಾಂಕ ಒಂದು ವಾರ ಮೊದಲು ತಿಳಿಸಿದರೆ ಒಳ್ಳೆಯದು. ಅವನ ಪಟ್ಟಿಯಲ್ಲಿ 'ಅಮ್ಮ ಹೊರಗೆ' ಅನ್ನುವ ಚಿತ್ರ ಹಾಕಬೇಕಾಗುತ್ತದೆ.

ಇಂತಿ,
ನಾಲ್ಕನೇ ತರಗತಿಯ ಹುಡುಗನೊಬ್ಬನ ತಾಯಿ,
ಉಡುಪಿ